‘ಅಧಿಕ’, ‘ಕ್ಷಯ’: ಅನ್ಯ ನಾಗರಿಕತೆಗಳ ಕಾಲಗಣನೆಗೆ ಈ ಪದಗಳು ಸಲ್ಲುತ್ತವೆಯೇ?

ಮಾನ್ಯರೆ,

ಹಾಸನದ ಪ್ರೌಢಶಾಲಾ ಮಕ್ಕಳಿಗಾಗಿ ಬೇರೆ ಬೇರೆ ನಾಗರಿಕತೆಗಳ ಕಾಲಗಣನೆಯನ್ನು ಪರಿಚಯಿಸುವ ಕಿರುಹೊತ್ತಿಗೆಯೊಂದನ್ನು ಬರೆಯುತ್ತಿದ್ದೇನೆ. ವರ್ಷಕ್ಕೆ ಸೇರಿಸುವ ಅಥವಾ ವರ್ಷದಿಂದ ಬಿಡುವ ದಿನ, ತಿಂಗಳುಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ.

ಪಠ್ಯಪುಸ್ತಕಗಳು 366 ದಿನಗಳ ವರ್ಷವನ್ನು ‘ಅಧಿಕ ವರ್ಷ’ ಎನ್ನುತ್ತವೆ. ನಮ್ಮ ಮನೆಗಳಲ್ಲಾದರೋ ‘ಈ ಸಲ ಅಧಿಕ ಬಂದಿದೆ’ ಎಂದರೆ ಅಧಿಕ ಮಾಸ ಬಂದಿದೆ, ಮದುವೆ ಗೃಹಪ್ರವೇಶಗಳನ್ನು ಮುಂದಕ್ಕೆ ಹಾಕಬೇಕು, ಮಗಳು ಅಳಿಯನನ್ನು ಕರೆದು 33 ಕಜ್ಜಾಯ ಇಟ್ಟು ಬಾಗಿನ ಕೊಡಬೇಕು ಎಂದೇ ಅರ್ಥ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಆದರೆ ಅದು ಪಠ್ಯದ ಅಧಿಕ ವರ್ಷವಲ್ಲ. 2024 ಪಠ್ಯದ ಅಧಿಕ ವರ್ಷ, ಆದರೆ ಆ ವರ್ಷ ಅಧಿಕ ಮಾಸವಿರಲಿಲ್ಲ. 2020ರಲ್ಲಿ ಫೆಬ್ರವರಿ 29 ಮತ್ತು ಅಧಿಕ ಆಶ್ವಯುಜ ಎರಡೂ ಇದ್ದವು. ಇವನ್ನು ಒಂದೇ ಹೆಸರಿನಿಂದ ಕರೆದರೆ ಮಕ್ಕಳಿಗೆ ಗೊಂದಲವಾಗುವುದು ಸಹಜ.

ಪಂಚಾಂಗದ ‘ಅಧಿಕ’ಕ್ಕೆ ‘ಹೆಚ್ಚಿನದು’ ಎಂಬುದಕ್ಕಿಂತ ಖಚಿತವಾದ ಅರ್ಥವಿದೆ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಸರಾಸರಿ 29.53 ದಿನ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನಗಳಾಗಿ, ಸೌರವರ್ಷಕ್ಕೆ ಸುಮಾರು ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಈ ಕೊರತೆ ಬೆಳೆಯುತ್ತ ಹೋಗಿ, ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಮಣವೇ ಇಲ್ಲದ ಚಾಂದ್ರಮಾಸವೊಂದು ಬಂದಾಗ ಅದು ಅಧಿಕವೆನಿಸುತ್ತದೆ. ಅದಕ್ಕೆ ಸ್ವಂತ ಹೆಸರಿಲ್ಲ. ಮುಂದಿನ ತಿಂಗಳ ಹೆಸರನ್ನೇ ಹೊತ್ತು ಅಧಿಕ ಶ್ರಾವಣವಾಗುತ್ತದೆ, ಅದು ಮುಗಿದ ಮೇಲೆ ನಿಜ ಶ್ರಾವಣ ಬರುತ್ತದೆ, ವರಮಹಾಲಕ್ಷ್ಮಿ ವ್ರತ ನಿಜದಲ್ಲಿಯೇ ನಡೆಯುತ್ತದೆ. ಹೀಗೆ ಒಂದೇ ಹೆಸರು ಎರಡು ಬಾರಿ ಬರುವುದು ‘ಅಧಿಕ’ದ ಜೀವಾಳ ಎಂದು ನನ್ನ ಎಣಿಕೆ. (ಸಕಲೇಶಪುರ, ಮೂಡಿಗೆರೆ ಕಡೆಯ ರೈತರು ನೆಚ್ಚುವ ಮಳೆನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ, ಅಧಿಕ ಬಂದರೂ ಬಾರದಿದ್ದರೂ ಆರಿದ್ರೆ ಮಳೆ ಜೂನ್ ಮೂರನೆಯ ವಾರ ಕಳೆಯುವ ಹೊತ್ತಿಗೇ ಆರಂಭವಾಗುತ್ತದೆ.)

ಈ ಅರ್ಥದಲ್ಲಿ ‘ಅಧಿಕ’ ಪದವು ಕೆಲವು ಅನ್ಯ ಪದ್ಧತಿಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಬ್ಯಾಬಿಲೋನಿಯದವರು ಆರನೆಯ ತಿಂಗಳಾದ ಉಲೂಲುವನ್ನೋ ಹನ್ನೆರಡನೆಯ ತಿಂಗಳಾದ ಅದ್ದಾರುವನ್ನೋ ಎರಡು ಬಾರಿ ಎಣಿಸುತ್ತಿದ್ದರು. ಮುಂದೆ ಇದು 19 ವರ್ಷಗಳಲ್ಲಿ ಏಳು ಬಾರಿ ಎಂಬ ನಿಯಮವಾಗಿ ನೆಲೆನಿಂತಿತು. ಇಂದಿಗೂ ಅದೇ ನಿಯಮವನ್ನು ಪಾಲಿಸುವ ಯಹೂದಿಗಳಲ್ಲಿ ಅದಾರ್ ತಿಂಗಳು ಎರಡು ಬಾರಿ ಬಂದಾಗ ಮೊದಲನೆಯದು ಹೆಚ್ಚುವರಿ, ಪೂರಿಮ್ ಹಬ್ಬ ಎರಡನೆಯದರಲ್ಲಿ. ಅಧಿಕ ಅದಾರ್, ನಿಜ ಅದಾರ್ ಎಂದು ಬರೆದರೆ ನಮ್ಮ ಓದುಗರಿಗೆ ವಿವರಣೆಯೇ ಬೇಕಾಗದು. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರನ ಪದ್ಧತಿ ಜಾರಿಗೆ ಬಂದಾಗ ರೋಮನ್ನರು ಸೇರಿಸಿದ ದಿನವೂ ಫೆಬ್ರವರಿ 29 ಆಗಿರಲಿಲ್ಲ. ‘ಮಾರ್ಚ್ ಒಂದಕ್ಕೆ ಹಿಂದಿನ ಆರನೆಯ ದಿನ’ವೆಂದು ಅವರು ಕರೆಯುತ್ತಿದ್ದ ಫೆಬ್ರವರಿ 24ನ್ನೇ ಎರಡು ಬಾರಿ ಎಣಿಸುತ್ತಿದ್ದರು. ಅದನ್ನು ಅಧಿಕ ದಿನ ಎನ್ನುವುದು ಪಂಚಾಂಗದ ಅರ್ಥದಲ್ಲಿಯೂ ಸರಿ. ಇಂದಿನ ಫೆಬ್ರವರಿ 29ಕ್ಕೆ ಬೇರೆಯೇ ಅಂಕಿ ಇರುವುದರಿಂದ, ಅಲ್ಲಿ ‘ಅಧಿಕ’ವು ಬರಿಯ ‘ಹೆಚ್ಚಿನ’ ಎಂಬ ಸಾಮಾನ್ಯಾರ್ಥಕ್ಕೆ ಇಳಿಯುತ್ತದೆ. ಆ ವರ್ಷವನ್ನು ‘ಅಧಿಕ ದಿನದ ವರ್ಷ’ ಎಂದು ಒಂದು ಪದ ಹೆಚ್ಚಾಗಿ ಬರೆದರೆ ತೊಡಕು ನಿವಾರಣೆಯಾದೀತು.

ಈಜಿಪ್ಟಿನವರದು ಬೇರೆಯೇ ಬಗೆ. 30 ದಿನಗಳ ಹನ್ನೆರಡು ತಿಂಗಳು ಮುಗಿದ ಮೇಲೆ ಯಾವ ತಿಂಗಳಿಗೂ ಸೇರದ ಐದು ದಿನಗಳಿದ್ದವು. ಅವು ಒಸಿರಿಸ್, ಐಸಿಸ್ ಮೊದಲಾದ ದೇವತೆಗಳ ಜನ್ಮದಿನಗಳೆಂಬ ನಂಬಿಕೆಯಿತ್ತು. ಮಾಯಾ ಜನರು 20 ದಿನಗಳ ಹದಿನೆಂಟು ತಿಂಗಳುಗಳ ಬಳಿಕ ‘ವಯೆಬ್’ ಎಂಬ ಐದು ದಿನಗಳನ್ನು ಇಟ್ಟುಕೊಂಡು, ಅವನ್ನು ಅಶುಭವೆಂದು ಬಗೆಯುತ್ತಿದ್ದರು. ಅಶುಭವೆಂಬ ಒಂದೇ ಹೋಲಿಕೆಯಿಂದ, ಅಧಿಕ ಮಾಸವನ್ನು ‘ಮಲಮಾಸ’ ಎನ್ನುವಂತೆ ಇವನ್ನು ‘ಮಲದಿನ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಇವು ಪ್ರತಿವರ್ಷವೂ ತಪ್ಪದೆ ಬರುವ, ವರ್ಷದ ಅಂಗವೇ ಆದ ದಿನಗಳಾದ್ದರಿಂದ ‘ಅಧಿಕ’ವೂ ಸಲ್ಲದು. ಸದ್ಯಕ್ಕೆ ‘ಹೊರದಿನ’ ಎಂದು ಬರೆದಿಟ್ಟಿದ್ದೇನೆ.

ಹೆಚ್ಚು ಎಚ್ಚರ ಬೇಕಾಗಿರುವುದು ‘ಕ್ಷಯ’ದ ವಿಷಯದಲ್ಲಿ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯ ಆಜ್ಞೆಯಂತೆ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಿದುದನ್ನು ‘ಹತ್ತು ದಿನಗಳ ಕ್ಷಯ’ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಕ್ಷಯ ತಿಥಿಯೆಂದರೆ ಒಂದು ಸೂರ್ಯೋದಯದ ಅನಂತರ ಆರಂಭವಾಗಿ ಮುಂದಿನ ಸೂರ್ಯೋದಯಕ್ಕೆ ಮೊದಲೇ ಮುಗಿಯುವ ತಿಥಿ. ಯಾವ ದಿನಕ್ಕೂ ಅದರ ಹೆಸರು ಬಾರದಿದ್ದರೂ ಅದು ಆಕಾಶದಲ್ಲಿ ನಡೆದೇ ಇರುತ್ತದೆ. 1963–64 ಮತ್ತು 1982–83ರಲ್ಲಿ ಬಂದ ಕ್ಷಯ ಮಾಸವೂ ಒಂದೇ ಚಾಂದ್ರಮಾಸದೊಳಗೆ ಎರಡು ಸಂಕ್ರಮಣಗಳು ಬೀಳುವ ನೈಜ ಘಟನೆ. 1582ರ ಆ ಹತ್ತು ದಿನಗಳಾದರೋ ಆಕಾಶದಲ್ಲಿ ನಡೆಯಲೇ ಇಲ್ಲ: ಗುರುವಾರದ ಮರುದಿನ ಎಂದಿನಂತೆ ಶುಕ್ರವಾರವೇ ಬಂದಿತು. ಆದ್ದರಿಂದ ‘ದಿನಗಳನ್ನು ತೆಗೆದರು’ ಎನ್ನುವುದೂ ಪೂರ್ಣ ಸರಿಯಲ್ಲ. ‘ಹತ್ತು ತಾರೀಖುಗಳನ್ನು ಬಿಟ್ಟರು’ ಎಂಬುದೇ ಯಥಾರ್ಥ. 1752ರಲ್ಲಿ ಬ್ರಿಟನ್ ಸೆಪ್ಟೆಂಬರ್ 2ರಿಂದ 14ಕ್ಕೆ ದಾಟಿದುದಕ್ಕೂ ಇದೇ ಮಾತು ಸಲ್ಲುತ್ತದೆ.

ಕಾಲಗಣನೆಯ ಪದಗಳ ಅರ್ಥವನ್ನು ನಿಘಂಟಿಗಿಂತ ಗಣಿತದಿಂದ ಗೊತ್ತುಮಾಡುವುದು ನಮ್ಮಲ್ಲಿ ಹೊಸತೇನಲ್ಲ. ಹೊಯ್ಸಳರ ಶಾಸನಗಳ ‘ವಡ್ಡವಾರ’ವು ಶನಿವಾರವೆಂದು ವಿದ್ವಾಂಸರು ನಿರ್ಧರಿಸಿದ್ದು ಆಯಾ ಶಾಸನಗಳ ಮಾಸ, ತಿಥಿಗಳನ್ನು ಗಣಿಸಿ ನೋಡಿಯೇ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಟ್ಟಿಗೆ ಹೇಳಿರುವುದರಿಂದ ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದು. ಬೇಲೂರು ಚೆನ್ನಕೇಶವ ಪ್ರತಿಷ್ಠೆಯ ಶಕ 1039, ಹೇವಿಳಂಬಿ ಸಂವತ್ಸರ, ಎಂದರೆ ಕ್ರಿ.ಶ. 1117, ಅಲ್ಲಿಂದ ಅರುವತ್ತರ ಹದಿನೈದು ಸುತ್ತು ಮುಗಿದು 2017ರ ಯುಗಾದಿಗೆ ಪುನಃ ಹೇವಿಳಂಬಿಯೇ ಬಂದಿತು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ‘ಅಧಿಕ ದಿನದ ವರ್ಷ’ ಎಂಬ ರೂಪ ಶಾಲಾ ಬರವಣಿಗೆಗೆ ತೀರ ಉದ್ದವೆನಿಸುತ್ತದೆಯೇ, ಅಥವಾ ಆಡುಮಾತಿನ ‘ಲೀಪ್ ವರ್ಷ’ವನ್ನೇ ಉಳಿಸಿಕೊಂಡು ‘ಅಧಿಕ’ವನ್ನು ಪಂಚಾಂಗಕ್ಕೆ ಬಿಟ್ಟುಕೊಡುವುದು ಲೇಸೇ? ‘ಹೊರದಿನ’ಕ್ಕಿಂತ ಉಚಿತವಾದ ಪದವು ಮಲೆನಾಡಿನ ಹಿರಿಯರ ಮಾತಿನಲ್ಲಾಗಲಿ ಹಳೆಯ ಜ್ಯೋತಿಷ ಗ್ರಂಥಗಳಲ್ಲಾಗಲಿ ಇದ್ದರೆ, ಅದು ಬಳಕೆಯಾದ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.