ಈಜು ಬರದವರು ನೇಪಾಳದ ತ್ರಿಶೂಲಿಯಲ್ಲಿ ರಾಫ್ಟಿಂಗ್ ಮಾಡಬಹುದಾ?

ದಸರಾ ರಜೆಗೆ ನೇಪಾಳಕ್ಕೆ ಹೊರಟಿದ್ದೇವೆ. ಕಾಠ್ಮಂಡುವಿನಿಂದ ಪೋಖರಾಗೆ ಹೋಗುವಾಗ ತ್ರಿಶೂಲಿಯಲ್ಲಿ ರಾಫ್ಟಿಂಗ್ ಮಾಡುವ ಆಸೆ. ನನಗೂ ಹೆಂಡತಿಗೂ ಈಜು ಬರಲ್ಲ. ಮಗನಿಗೆ 14 ವರ್ಷ. ಹಿಂದೆ ದಾಂಡೇಲಿಯಲ್ಲಿ ಮಾಡಿದ್ದೇವೆ, ಅಷ್ಟೇ. ಹೋಗಿಬಂದವರು ದಯವಿಟ್ಟು ಹೇಳಿ.

ಶಿರಸಿಯವರೊಬ್ಬರು:
ಧೈರ್ಯವಾಗಿ ಹೋಗಿ ಸರ್. ಆದರೆ ದಾಂಡೇಲಿಯ ಲೆಕ್ಕ ಇಲ್ಲಿ ನಡೆಯಲ್ಲ. ಅಲ್ಲಿನ ಕಾಳಿ ನದಿಯಲ್ಲಿ ಸೂಪಾ ಡ್ಯಾಂನಿಂದ ಬಿಟ್ಟಷ್ಟೇ ನೀರು. ತ್ರಿಶೂಲಿ ಟಿಬೆಟ್ ಕಡೆಯಿಂದ ಇಳಿದು ಬರುವ ನದಿ. ಮೇಲೆ ಮಳೆಯಾದರೆ ಕೆಳಗೆ ನೀರು ಏರುತ್ತದೆ. 2024ರಲ್ಲಿ ಸೆಪ್ಟೆಂಬರ್ ಕೊನೆಯಲ್ಲೂ ನೇಪಾಳದಲ್ಲಿ ದೊಡ್ಡ ಪ್ರವಾಹ ಬಂದಿತ್ತು. ದಸರಾ ಬೇಗ ಬಂದ ವರ್ಷ ಹಿಂದಿನ ದಿನವೇ ಫೋನ್ ಮಾಡಿ ನೀರು ಹೇಗಿದೆ ಅಂತ ಕೇಳಿ. ಗೈಡ್ ಸ್ವಲ್ಪ ಅನುಮಾನಿಸಿದರೂ ಬಿಟ್ಟುಬಿಡಿ. ಅದೇ ದಾರಿಯಲ್ಲಿ ಕುರಿಂತಾರ್‌ನಿಂದ ಮನಕಾಮನಾ ದೇವಸ್ಥಾನಕ್ಕೆ ಕೇಬಲ್ ಕಾರ್ ಇದೆ, ದಿನ ಹಾಳಾಗಲ್ಲ.

ಈಜಿಗಿಂತ ಮುಖ್ಯವಾದದ್ದು ಲೈಫ್ ಜಾಕೆಟ್. ಎಲ್ಲ ಪಟ್ಟಿ ಬಿಗಿ ಮಾಡಿದ ಮೇಲೆ ಇನ್ನೊಬ್ಬರಿಗೆ ಹೇಳಿ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗದ್ದ ದಾಟಿ ಮೇಲೆ ಬಂತಾ? ಸಡಿಲ ಇದೆ ಅಂತಲೇ ಅರ್ಥ, ಬೇರೆ ಸೈಜ್ ಕೇಳಿ. ಮಗನ ಜಾಕೆಟ್ಟನ್ನು ನೀವೇ ಎಳೆದು ನೋಡಿ. ಸಂಕೋಚ ಬೇಡವೇ ಬೇಡ.

ನಮ್ಮ ರಾಫ್ಟ್‌ನಿಂದ ನನ್ನ ತಂಗಿ ಬಿದ್ದಳು. ಅವಳಿಗೂ ಈಜು ಬರಲ್ಲ. ಗೈಡ್ ಮೊದಲೇ ಹೇಳಿಕೊಟ್ಟಂತೆ ಅಂಗಾತ ಮಲಗಿ, ನೀರು ಹರಿಯುವ ಕಡೆಗೆ ಕಾಲು ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ ತೇಲಿಕೊಂಡು ಬಂದಳು. ಗೈಡ್ ಜಾಕೆಟ್‌ನ ಎರಡೂ ಭುಜದ ಪಟ್ಟಿ ಹಿಡಿದು, ಮೊಣಕಾಲನ್ನು ರಾಫ್ಟ್‌ನ ಅಂಚಿಗೆ ಒತ್ತಿ, ಹಿಂದಕ್ಕೆ ವಾಲಿ ಒಂದೇ ಎಳೆತಕ್ಕೆ ಒಳಗೆ ಹಾಕಿಕೊಂಡ. ಬಿದ್ದಾಗ ನೀರು ಮೊಣಕಾಲುದ್ದ ಇದ್ದರೂ ಎದ್ದು ನಿಲ್ಲಬೇಡಿ. ಕಲ್ಲುಗಳ ನಡುವೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮುಂದಕ್ಕೆ ಕೆಡವಿ ಮುಖ ಮುಳುಗಿಸುತ್ತದೆ. ಹಗ್ಗ ಎಸೆದರೆ ಕೈಯಲ್ಲಿ ಹಿಡಿಯಿರಿ, ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ.

ಮೈಸೂರಿನಿಂದ:
ಮೇಲಿನವರ ಮಾತು ಪೂರ್ತಿ ಸರಿ. ಒಂದು ಸೇರಿಸ್ತೀನಿ. ನಮ್ಮ ದಸರಾ ಸಮಯಕ್ಕೇ ಅಲ್ಲಿ ದಶೈಂ ಹಬ್ಬ. ಕಾಠ್ಮಂಡುವಿನ ಜನ ಊರಿಗೆ ಹೊರಡುತ್ತಾರೆ, ಪೋಖರಾಗೆ ಹೋಗುವ ಪೃಥ್ವಿ ಹೆದ್ದಾರಿಯಲ್ಲಿ ಬಸ್ಸುಗಳ ಸಾಲು. ವಿಜಯದಶಮಿ ದಿನ ಮನೆಮನೆಯಲ್ಲೂ ಹಿರಿಯರು ಟೀಕಾ ಇಡುತ್ತಾರೆ, ಅವತ್ತು ಕೆಲಸಕ್ಕೆ ಜನ ಸಿಗೋದು ಕಷ್ಟ. ಮೊದಲೇ ಮಾತಾಡಿಕೊಳ್ಳಿ. ಗುರುತಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ, ನಿಮ್ಮ ವಯಸ್ಸಿನವರಿಗೆ ಆಧಾರ್ ಸಾಲದು. ಟ್ರಾವೆಲ್ ಇನ್ಶೂರೆನ್ಸ್ ತಗೊಂಡರೆ ರಾಫ್ಟಿಂಗ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ.

ಹುಬ್ಬಳ್ಳಿಯಿಂದ:
ತ್ರಿಶೂಲಿನೇ ಆರಿಸಿದ್ದು ಒಳ್ಳೇದಾಯ್ತು. ರಾಫ್ಟಿಂಗ್ ಶುರುವಾಗುವ ಚರೌದಿಯಿಂದ ಕೆಳಗೆ ರಸ್ತೆ ನದಿಯ ಪಕ್ಕದಲ್ಲೇ ಸಾಗುತ್ತದೆ. ಮಗನಿಗೆ ಸಾಕೆನಿಸಿದರೆ ದಡ ಸಿಕ್ಕ ಕಡೆ ಇಳಿದು ಗಾಡಿ ಹತ್ತಬಹುದು. ಯಾರಾದರೂ ಭೋಟೆಕೋಶಿ ಚೆನ್ನಾಗಿದೆ ಅಂದರೆ ಈ ಸಲ ಬೇಡ ಅನ್ನಿ, ಅದು ಅನುಭವ ಇದ್ದವರ ನದಿ.

ರಾಫ್ಟ್ ಜೊತೆ ಸೇಫ್ಟಿ ಕಯಾಕ್ (ಬಿದ್ದವರನ್ನು ಹಿಡಿಯಲು ಬರುವ ಪುಟ್ಟ ದೋಣಿ) ಬರುತ್ತದಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ. ಬರಲ್ಲ ಅಂದರೆ ಬೇರೆಯವರ ಹತ್ತಿರ ಹೋಗಿ, ನಾಲ್ಕು ಕಾಸು ಜಾಸ್ತಿ ಆದರೂ ಪರವಾಗಿಲ್ಲ. ಹುಟ್ಟಿನ (ಪ್ಯಾಡಲ್) ತುದಿಯ ಹಿಡಿಯಿಂದ ಕೈ ತೆಗೆಯಬೇಡಿ. ಅದು ಬಡಿದು ಪಕ್ಕದವರ ತುಟಿ ಒಡೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕನ್ನಡಕಕ್ಕೆ ದಾರ ಕಟ್ಟಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ನೀರು ತುಂಬಾ ತಣ್ಣಗಿರುತ್ತದೆ, ಒಣ ಬಟ್ಟೆ ಗಾಡಿಯಲ್ಲಿ ಕೈಗೆ ಸಿಗುವ ಹಾಗೆ ಇಡಿ.