ಲ್ಯಾವೆಂಡರ್ ಎಣ್ಣೆ ನೇರವಾಗಿ ಹಚ್ಚಿ ಚರ್ಮ ಕೆಂಪಾಯಿತು: ಎಳ್ಳೆಣ್ಣೆಯಲ್ಲಿ ಎಷ್ಟು ಹನಿ ಬೆರೆಸಬೇಕು?

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ. ಚಳಿಗಾಲ ಬಂತೆಂದರೆ ನನ್ನ ತಾಯಿಯವರ ಮೊಣಕಾಲಿನ ಕೆಳಗಿನ ಚರ್ಮ ಒಣಗಿ, ಬಿಳಿ ಹೊಟ್ಟು ಉದುರುವಷ್ಟು ಬಿರಿಯುತ್ತದೆ. ಎರಡು ವರ್ಷಗಳ ಹಿಂದೆ ಉಡುಗೊರೆಯಾಗಿ ಬಂದಿದ್ದ ಲ್ಯಾವೆಂಡರ್ ಎಸೆನ್ಷಿಯಲ್ ಆಯಿಲ್ ಬಚ್ಚಲುಮನೆಯ ಕಿಟಕಿಯಲ್ಲಿತ್ತು. ಗಿಡದಿಂದ ತೆಗೆದದ್ದು, ಏನೂ ಆಗಲಾರದು ಎಂದುಕೊಂಡು ಕಳೆದ ವಾರ ಅದನ್ನೇ ಅವರ ಕಾಲಿಗೆ ಸವರಿದೆ. ಮರುದಿನ ಸವರಿದ ಜಾಗವಷ್ಟೇ ಕೆಂಪಗೆ ಉಬ್ಬಿ, ಅದರ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ವೈದ್ಯರು ಕೊಟ್ಟ ಮುಲಾಮಿನಿಂದ ಈಗ ಇಳಿದಿದೆ. ಇದನ್ನು ಎಳ್ಳೆಣ್ಣೆಯಲ್ಲಿಯೋ ಕೊಬ್ಬರಿ ಎಣ್ಣೆಯಲ್ಲಿಯೋ ಬೆರೆಸಿ ಹಚ್ಚುವುದಾದರೆ ಎಷ್ಟು ಹನಿ ಸಾಕು? ಇದರ ಬದಲು ಶ್ರೀಗಂಧದ ಎಣ್ಣೆ ಆದೀತೇ?

ಉತ್ತರ 1 (ಔಷಧ ಅಂಗಡಿ ನಡೆಸುವವರು)

ನಿಮ್ಮ ತಾಯಿಯವರ ಮಟ್ಟಿಗೆ ನನ್ನ ಉತ್ತರ: ಒಂದು ಹನಿಯೂ ಬೇಡ. ಹೂವನ್ನು ಆವಿಯಲ್ಲಿ ಬಟ್ಟಿ ಇಳಿಸಿ ತೆಗೆಯುವ ಈ ದ್ರವಕ್ಕೆ ಎಣ್ಣೆ ಎಂಬ ಹೆಸರಿದ್ದರೂ ಅದು ಅಡುಗೆಮನೆಯ ಎಣ್ಣೆಯ ಜಾತಿಯದಲ್ಲ. ಕಾಗದದ ಮೇಲೆ ಎರಡನ್ನೂ ಒಂದೊಂದು ಹನಿ ಬಿಟ್ಟು ನೋಡಿ. ಎಳ್ಳೆಣ್ಣೆಯ ಜಿಡ್ಡು ಹಾಗೆಯೇ ಉಳಿಯುತ್ತದೆ, ಲ್ಯಾವೆಂಡರ್ ಬಹುಪಾಲು ಆರಿಹೋಗುತ್ತದೆ. ಅದರಲ್ಲಿರುವ ಲಿನಲೂಲ್ ಎಂಬ ಸುಗಂಧದ ಅಂಶವು ಗಾಳಿ ತಾಗುತ್ತಾ ಹೋದಂತೆ ಹೈಡ್ರೋಪೆರಾಕ್ಸೈಡು ಎಂಬ ಬೇರೆ ರಾಸಾಯನಿಕಗಳಾಗಿ ಮಾರ್ಪಡುತ್ತದೆ, ಮತ್ತು ಈ ಎಣ್ಣೆಯಿಂದಾಗುವ ಚರ್ಮದ ಅಲರ್ಜಿಗೆ ಮುಖ್ಯ ಕಾರಣ ಅವೇ. ಹಳೆಯ ಸೀಸೆ, ಅದೂ ಏನೂ ಬೆರೆಸದೆ, ಬಿರಿದ ಚರ್ಮದ ಮೇಲೆ. ಮೂರೂ ಒಟ್ಟಿಗೆ ಸೇರಿವೆ. ಇದು ನಿಜವಾಗಿ ಅಲರ್ಜಿಯೇ ಆಗಿದ್ದರೆ ಮುಂದೆ ಅಲ್ಪ ಪ್ರಮಾಣಕ್ಕೂ ಮರುಕಳಿಸುತ್ತದೆ. ಆದ್ದರಿಂದ ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ (ಯಾವ ವಸ್ತುವಿಗೆ ಅಲರ್ಜಿ ಎಂದು ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸುವವರೆಗೆ ದೂರವಿಡಿ.

ಆರೋಗ್ಯವಂತ ಚರ್ಮದ ಇತರರಿಗೆ ಶೇಕಡಾ 1 ಸಾಕು: 30 ಮಿಲಿ ಎಣ್ಣೆಗೆ ಸುಮಾರು 6 ಹನಿ. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಹಚ್ಚಿ ಎರಡು ದಿನ ಕಾಯಬೇಕು. ಮನೆಯಲ್ಲಿ ಮಕ್ಕಳಿದ್ದರೆ ಈ ಸೀಸೆಗಳನ್ನು ಕೈಗೆಟುಕದಂತೆ ಇಡಿ. ನೀಲಗಿರಿ ಎಣ್ಣೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು.

ಉತ್ತರ 2 (ಗಾಣದ ಮನೆಯವರು)

ಚರ್ಮಕ್ಕೆ ಬೇಕಾದ ಜಿಡ್ಡು ಕೊಡುವುದು ಬೆರೆಸುವ ಎಣ್ಣೆಯೇ ಹೊರತು ಆ ಹನಿಗಳಲ್ಲ ಎಂಬುದನ್ನು ಜನ ಮರೆಯುತ್ತಾರೆ. ನಮ್ಮ ಮನೆಯಲ್ಲಿ ಹಿರಿಯರ ಒಣ ಕಾಲಿಗೆ ಎಳ್ಳೆಣ್ಣೆಯನ್ನು ಬರಿದಾಗಿಯೇ ಹಚ್ಚುತ್ತೇವೆ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಧಾರವಾಡದ ಚಳಿಯಲ್ಲಿ ಬೆಳಿಗ್ಗೆ ಬೆರಳಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಸ್ನಾನವಾದ ಮೇಲೆ ಟವೆಲಿನಿಂದ ಉಜ್ಜದೆ ನೀರನ್ನು ಒತ್ತಿ ತೆಗೆದು, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಿ. ಒಳಗಿನ ತೇವ ಆರಿಹೋಗದಂತೆ ಎಣ್ಣೆ ತಡೆಯುತ್ತದೆ. ಹಿಮ್ಮಡಿ ಒಡೆದಿದ್ದರೆ ಹಚ್ಚುವ ಎಣ್ಣೆಗೆ ಕಾಲುಭಾಗ ಹರಳೆಣ್ಣೆ ಸೇರಿಸಿ. ಎಳ್ಳು ಒಗ್ಗದವರೂ ಇರುತ್ತಾರೆ, ಆದ್ದರಿಂದ ಮೇಲೆ ಹೇಳಿದ ಮೊಣಕೈಯ ಪರೀಕ್ಷೆಯನ್ನು ಇದಕ್ಕೂ ಮಾಡಿ. ಎಣ್ಣೆ ಹಚ್ಚಿದ ಪಾದದಲ್ಲಿ ನೆಲದ ಮೇಲೆ ನಡೆಯಲು ಮಾತ್ರ ಬಿಡಬೇಡಿ.

ಉತ್ತರ 3 (ಶ್ರೀಗಂಧ ಬೆಳೆಗಾರರು)

ಶ್ರೀಗಂಧದ ಎಣ್ಣೆ ಇರುವುದು ಮರದ ಕೆಚ್ಚು ಮತ್ತು ಬೇರಿನಲ್ಲಿ. ಕೆಚ್ಚು ಕಟ್ಟಲು ವರ್ಷಗಟ್ಟಲೆ ಕಾಯಬೇಕು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಕಳಿಸುವುದು ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ಇಲ್ಲಿಯೇ ಬಟ್ಟಿ ಇಳಿಸುವ ಕಾರ್ಖಾನೆ ತೆರೆದಾಗಲೂ ಇದು ಬೆಲೆಬಾಳುವ ಸರಕಾಗಿತ್ತು. ಹಾಗಾಗಿ ನೂರಿನ್ನೂರು ರೂಪಾಯಿಗೆ 10 ಮಿಲಿ ಸಿಕ್ಕರೆ ಅದರಲ್ಲಿರುವುದು ಬೇರೆ ಎಣ್ಣೆಯೋ ಕೃತಕ ಸುವಾಸನೆಯೋ ಆಗಿರುತ್ತದೆ, ಅದನ್ನು ನಂಬಿ ಕಾಲಿಗೆ ಹಚ್ಚಬಾರದು. ಅಸಲಿಯಾದರೂ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಗಂಧ ನನ್ನ ಬದುಕು. ಆದರೂ ಅಮ್ಮನವರಿಗೆ ಈಗ ಅದು ಬೇಡವೆಂದೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಮೂವರಿಗೂ ಕೃತಜ್ಞತೆಗಳು. ಮೊಣಕೈಯಲ್ಲಿ ಪರೀಕ್ಷಿಸಿ ನೋಡಿ, ಸ್ನಾನದ ನಂತರ ಬರಿಯ ಎಳ್ಳೆಣ್ಣೆ ಹಚ್ಚುತ್ತಿದ್ದೇನೆ. ಹೊಟ್ಟು ಉದುರುವುದು ಬಹಳ ಕಡಿಮೆಯಾಗಿದೆ. ಅಮ್ಮ ಬಳಸುವ ಸೋಪಿನ ಪೊಟ್ಟಣವನ್ನು ತಿರುಗಿಸಿ ನೋಡಿದಾಗ ಅದರಲ್ಲಿಯೂ ಲಿನಲೂಲ್ ಎಂದು ಬರೆದಿತ್ತು. ಸುವಾಸನೆಯಿಲ್ಲದ ಸೋಪು ತಂದಿದ್ದೇನೆ, ಪ್ಯಾಚ್ ಟೆಸ್ಟ್‌ಗೆ ಮುಂದಿನ ಸೋಮವಾರ ಹೋಗುತ್ತಿದ್ದೇವೆ.