ಅಥೆನ್ಸಿನ ಚೀಟಿ ಯಂತ್ರದ ಮಾದರಿ ಮಾಡೋದು ಹೆಂಗ್ರಿ? ಅರಿಸ್ಟಾಟಲ್ ಮಾತು ಖರೇನ?

ಬಾಗಲಕೋಟೆ_ರಾಜ್ಯಶಾಸ್ತ್ರ
ನಮಸ್ಕಾರ್ರಿ. ನಮ್ಮ ಪದವಿ ಕಾಲೇಜಿನ ವಸ್ತುಪ್ರದರ್ಶನಕ್ಕೆ ಕ್ಲೆರೊಟೇರಿಯನ್ ಮಾದರಿ ಬೇಕಾಗಿದೆ. ಅಥೆನ್ಸಿನವರು ನ್ಯಾಯಮಂಡಳಿಗೆ ಜನರನ್ನು ಆರಿಸುತ್ತಿದ್ದ ಕಲ್ಲಿನ ಯಂತ್ರ ಅದು. ತರಗತಿಯಲ್ಲಿ 60 ಮಂದಿ ಇದ್ದಾರೆ, ಅವರಲ್ಲಿ 15 ಪಂಚರನ್ನು ಆರಿಸಬೇಕು. ಇನ್ನೊಂದು ವಿಷಯ: "ಚೀಟಿ ಎತ್ತುವುದೇ ಪ್ರಜಾಪ್ರಭುತ್ವ, ಚುನಾವಣೆ ಸಿರಿವಂತರ ಆಳ್ವಿಕೆ: ಅರಿಸ್ಟಾಟಲ್" ಎಂದು ಫಲಕ ಬರೆಯಬಹುದೇ? ಪಕ್ಕದಲ್ಲಿ ಅನುಭವಮಂಟಪದ ಚಿತ್ರ ಇಡೋಣ ಅಂತಾರೆ ವಿದ್ಯಾರ್ಥಿಗಳು.

ಘಟಪ್ರಭಾ_ದಂಡಿ
ಸರ್, ಒಂದು ಮಾತು ಮೊದಲ ತಿಳಕೊಳ್ರಿ. ಈ ಯಂತ್ರ ಒಬ್ಬೊಬ್ಬರನ್ನ ಆರಿಸಂಗಿಲ್ಲ. ಅಡ್ಡಸಾಲು ಪೂರ್ತಿ ಒಳಗ, ಇಲ್ಲಾ ಪೂರ್ತಿ ಹೊರಗ.

ಪ್ಲೈವುಡ್ ಹಲಗಿಮ್ಯಾಲೆ 5 ಉದ್ದಸಾಲು, ಒಂದೊಂದರಾಗ 12 ಸೀಳು ಮಾಡ್ರಿ. ಅಲ್ಲಿಗೆ 60 ಆತು. ಒಬ್ಬೊಬ್ಬರ ಹೆಸರು ಬರದು ಸೀಳಿನ್ಯಾಗ ಸಿಗಸೋ ಪಟ್ಟಿಗೆ ಹಳೇ ಲಗ್ನಪತ್ರಿಕಿ ರಟ್ಟು ಸಾಕು. ಹಲಗಿ ಎಡಕ್ಕ ಒಂದು ಕೊಳವಿ, ಮ್ಯಾಲೆ ಲಾಳಿಕಿ. ಅಡ್ಡಸಾಲು 12 ಇದ್ದರ ಗೋಲಿನೂ 12. ಒಂದು ಬಿಳಿ ಗೋಲಿ ಬಿದ್ದರ 5 ಮಂದಿ ಒಳಗ ಬರತಾರ, ಹಂಗಾಗಿ 15 ಮಂದಿಗೆ ಬಿಳಿ 3, ಕರಿ 9. ಮೊದಲ ಬಿದ್ದ ಗೋಲಿ ಮ್ಯಾಲಿನ ಸಾಲಿಂದು, ಎರಡನೇದು ಅದರ ಕೆಳಗಿಂದು, ಹಿಂಗ ಇಳಕೊಂಡು ಹೋಗ್ರಿ.

ಕೆಡೋದು ಕೊಳವಿಯೊಳಗ. ಅದರ ಒಳಅಳತಿ ಗೋಲಿಗಿಂತ ಎರಡು-ಮೂರು ಮಿಲಿಮೀಟರ್ ಅಷ್ಟೇ ಜಾಸ್ತಿ ಇರಲಿ. ಅಗಲ ಆದರ ಗೋಲಿ ಒಂದರ ಮಗ್ಗಲಿಗೆ ಒಂದು ಕುಂತು ಸಿಕ್ಕೊಂತಾವ. ಬಣ್ಣ ದಪ್ಪ ಬಳದರೂ ಅದೇ ತ್ರಾಸು. ಕೆಳಗ ಒಂದು ಗೋಲಿಯಷ್ಟು ಅಂತರ ಬಿಟ್ಟು ಎರಡು ಮೊಳಿ ಅಡ್ಡ ಹಾಕ್ರಿ. ಕೆಳಗಿನ ಮೊಳಿ ಎಳದರ ಒಂದು ಬೀಳತದ. ಅದನ್ನ ತಿರುಗಿ ಹಾಕಿ ಮ್ಯಾಲಿನದು ಎಳದರ ಮುಂದಿನ ಗೋಲಿ ಇಳದು ಕುಂದರತದ. ಕೊಳವಿ ಪಾರದರ್ಶಕ ಇರಬಾರದು. ಗೋಲಿ ಎಲ್ಲಾ ಕೂಡಿಸಿ ಒಮ್ಮೆಲೆ ಸುರೀರಿ. ಒಂದೊಂದ ಹಾಕಿದರ ಸರತಿ ಹಾಕಾವನ ಕೈಯಾಗ ಉಳೀತದ.

ಪಟ್ಟಿ ಸಿಗಸಾವನನ್ನೂ ಚೀಟಿ ಎತ್ತೇ ಆರಿಸ್ರಿ. ಅಥೆನ್ಸಿನಾಗ ದಿನಾ ಒಬ್ಬನೇ ಸಿಗಸಿದರ ಮೋಸ ಮಾಡಿಯಾನು ಅಂತ ಹಂಗ ಮಾಡತಿದ್ದರು. 'ಅಥೆನ್ಸಿನ ಸಂವಿಧಾನ' ಗ್ರಂಥದಾಗ 63ರಿಂದ 66ನೇ ಅಧ್ಯಾಯ ನೋಡ್ರಿ, ಅದರಾಗೇ ಬರದದ. ಈಜಿಪ್ಟಿನಾಗ ಸಿಕ್ಕ ಪಪೈರಸ್ ಸುರುಳಿಯಿಂದ 1891ರಾಗ ಅಚ್ಚಾದ ಪುಸ್ತಕ ಅದು. ಆರಿಸಿ ಬಂದಾವ ಯಾವ ನ್ಯಾಯಾಲಯಕ್ಕ ಹೋಗಬೇಕು ಅನ್ನೋದಕ್ಕೂ ಮತ್ತೊಂದು ಚೀಟಿ ಇತ್ತು. ಯಾವ ಖಟ್ಲೆ ಬರತದಂತ ಮೊದಲ ಗೊತ್ತಾಗದಿದ್ದರ ಲಂಚ ಕೊಡೋದಾದರೂ ಯಾರಿಗೆ?

ಗುಮ್ಮಟನಗರಿ_ಓದುಗ
ಸರ್, ಫಲಕವನ್ನು ಹಾಗೇ ಬರೆಯಬೇಡಿ. 'ರಾಜಕೀಯ' ಗ್ರಂಥದ 4ನೇ ಭಾಗದಲ್ಲಿ ಅರಿಸ್ಟಾಟಲ್ ಹೇಳುವುದು ಇಷ್ಟು: ಅಧಿಕಾರಿಗಳನ್ನು ಚೀಟಿಯಿಂದ ಆರಿಸುವುದು ಪ್ರಜಾತಂತ್ರದ ಲಕ್ಷಣ, ಚುನಾಯಿಸುವುದು ಒಲಿಗಾರ್ಕಿಯ (ಕೆಲವೇ ಸಿರಿವಂತರ ಆಳ್ವಿಕೆಯ) ಲಕ್ಷಣ "ಎಂದು ತೋರುತ್ತದೆ". ಆ ಕೊನೆಯ ಎರಡು ಪದ ಬಿಟ್ಟರೆ ಅರ್ಥವೇ ತಿರುಗುತ್ತದೆ. ಮುಂದಿನ ಸಾಲಿನಲ್ಲಿ ಅವನು ಎರಡನ್ನೂ ಬೆರೆಸುತ್ತಾನೆ. ಒಲಿಗಾರ್ಕಿಯಿಂದ ಚುನಾವಣೆಯನ್ನು ತೆಗೆದುಕೊಳ್ಳಿ, ಪ್ರಜಾತಂತ್ರದಿಂದ ಆಸ್ತಿಯ ಷರತ್ತು ಇಲ್ಲದಿರುವುದನ್ನು ತೆಗೆದುಕೊಳ್ಳಿ, ಆಗ 'ಪಾಲಿಟಿ' ಎಂಬ ಮಿಶ್ರ ಆಡಳಿತ ಆಗುತ್ತದೆ. ನಾವು ಇಂದು ಮತ ಹಾಕುವ ಪದ್ಧತಿ ಅವನ ಲೆಕ್ಕದಲ್ಲಿ ಈ ಮಿಶ್ರಣಕ್ಕೇ ಹತ್ತಿರ.

ಚೀಟಿಯೊಂದೇ ಅಥೆನ್ಸ್ ಅಲ್ಲ. 500 ಜನರ ಸಭೆಗೆ 10 ಕುಲಗಳಿಂದ ತಲಾ 50 ಮಂದಿ, ವಯಸ್ಸು 30 ದಾಟಿರಬೇಕು, ಜೀವಮಾನದಲ್ಲಿ ಎರಡೇ ಸಲ. ಅಧಿಕಾರಕ್ಕೆ ಮುನ್ನ ಅರ್ಹತೆಯ ವಿಚಾರಣೆ, ಇಳಿದ ಮೇಲೆ ಲೆಕ್ಕದ ತಪಾಸಣೆ. ಆದರೆ 10 ಸೇನಾಪತಿಗಳನ್ನು ಕೈ ಎತ್ತಿ ಚುನಾಯಿಸುತ್ತಿದ್ದರು, ಯಾಕೆಂದರೆ ಯುದ್ಧಕ್ಕೆ ಪಳಗಿದವರು ಬೇಕು. ಹೆಂಗಸರಿಗೆ, ಗುಲಾಮರಿಗೆ, ಪರಊರಿನಿಂದ ಬಂದು ನೆಲೆಸಿದವರಿಗೆ ಯಾವುದರಲ್ಲೂ ಪಾಲಿರಲಿಲ್ಲ. ಇದನ್ನು ಫಲಕದಲ್ಲಿ ದಪ್ಪ ಅಕ್ಷರದಲ್ಲೇ ಬರೆಸಿ.

ಈ ವಿಚಾರ ಗ್ರೀಸಿನಲ್ಲೇ ಮುಗಿಯಲಿಲ್ಲ. ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಹೆಚ್ಚುಕಡಿಮೆ ಅರಿಸ್ಟಾಟಲನ ಮಾತನ್ನೇ ಬರೆದ. ಅಮೆರಿಕದ ಸಂವಿಧಾನ ಕಟ್ಟಿದವರು ಪ್ರಾತಿನಿಧ್ಯವನ್ನೇ ಹಿಡಿದರು, ಚೀಟಿ ನ್ಯಾಯಾಲಯದ ಜ್ಯೂರಿಗೆ ಸೀಮಿತವಾಯಿತು. ಐರ್ಲೆಂಡ್ 2016ರಲ್ಲಿ 99 ನಾಗರಿಕರನ್ನು ಯಾದೃಚ್ಛಿಕವಾಗಿ ಆರಿಸಿ ಸಭೆ ಕೂರಿಸಿತು. ಗರ್ಭಪಾತದ ಬಗ್ಗೆ ಆ ಸಭೆ ಕೊಟ್ಟ ಶಿಫಾರಸಿನ ನಂತರ 2018ರಲ್ಲಿ ಜನಮತಗಣನೆ ನಡೆಯಿತು. ನಮ್ಮ ಚುನಾವಣೆಗಳಲ್ಲಿ ಸಮಮತ ಬಂದಾಗ ಚೀಟಿ ಎತ್ತುತ್ತೇವಲ್ಲ, ವಿದ್ಯಾರ್ಥಿಗಳಿಗೆ ಅಲ್ಲಿಂದಲೇ ಶುರು ಮಾಡಿ.

ಬಾಗಲಕೋಟೆ_ರಾಜ್ಯಶಾಸ್ತ್ರ
ಇಬ್ಬರಿಗೂ ಧನ್ಯವಾದ. ಆ ದಿನ 57 ಮಂದಿಯೇ ಬಂದರೆ? ಅನುಭವಮಂಟಪದ ಚಿತ್ರ ಇಡಲೋ ಬೇಡವೋ?

ಘಟಪ್ರಭಾ_ದಂಡಿ
57 ಬಂದರ 11 ಸಾಲು ತುಂಬತಾವ, 2 ಪಟ್ಟಿ ಉಳೀತಾವ. ಅವನ್ನ ಅರ್ಧ ಸಾಲಾಗಿ ಇಡಬ್ಯಾಡ್ರಿ. ಆ ಸಾಲಿಗೆ ಬಿಳಿ ಬಿದ್ದರ ಪಂಚರು 12 ಆಗತಾರ, ಲೆಕ್ಕ ತಪ್ಪತೈತಿ. ಇಬ್ಬರನ್ನ ಮೊದಲ ಚೀಟಿ ಎತ್ತಿ ಬಿಡ್ರಿ, ಆಮೇಲೆ ಬಿಳಿ 3, ಕರಿ 8. ಪ್ರತಿ ಉದ್ದಸಾಲಿನ ಪಟ್ಟಿ ಬ್ಯಾರೆ ಬ್ಯಾರೆ ಕಲಸಿ ಸಿಗಸ್ರಿ. ಇಲ್ಲಂದ್ರ ಗೆಳ್ಯಾರು ಒಂದೇ ಅಡ್ಡಸಾಲಿನ್ಯಾಗ ಕುಂತು ಕೂಡೇ ಆರಿಸಿ ಬರತಾರ.

ಗುಮ್ಮಟನಗರಿ_ಓದುಗ
ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಅನುಭವಮಂಟಪ ಬಿಡಿ ಅನ್ನಲಾರೆ. ಆದರೆ ಚೀಟಿ ಯಂತ್ರದ ಪಕ್ಕದಲ್ಲಿ ಬೇಡ, ಅಲ್ಲಿ ಆಯ್ಕೆಯ ಮಾತೇ ಇಲ್ಲ. "ಯಾರಿಗೆ ಮಾತಾಡುವ ಅವಕಾಶ?" ಎಂಬ ಬೇರೆ ಫಲಕ ಮಾಡಿ. ಒಂದು ಕಡೆ ಹೆಂಗಸರನ್ನು ಹೊರಗಿಟ್ಟ ಅಥೆನ್ಸಿನ ಸಭೆ, ಇನ್ನೊಂದು ಕಡೆ ಅಕ್ಕಮಹಾದೇವಿಯೂ ಕಾಯಕದ ಶರಣರೂ ಇದ್ದ ಪರಂಪರೆ. ಚೀಟಿ ಯಂತ್ರಕ್ಕೆ ಸರಿಜೋಡಿ ತಮಿಳುನಾಡಿನ ಉತ್ತರಮೇರೂರು ಶಾಸನ, ಚೋಳ ಪರಾಂತಕನ ಕಾಲದ್ದು, 10ನೇ ಶತಮಾನ. 30 ವಾರ್ಡು, ವಯಸ್ಸು 35ರಿಂದ 70, ಹೆಸರು ಬರೆದ ಓಲೆಗಳು ಮಡಕೆಯಲ್ಲಿ, ಎತ್ತುವವನು ಚಿಕ್ಕ ಹುಡುಗ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಓಲೆಯನ್ನು ಆ ಮಡಕೆಗೆ ಹಾಕುತ್ತಲೇ ಇರಲಿಲ್ಲ.